ಬದನೆ ಹೂ ಕಿತ್ತ ದಿನಗಳು

ಫೆಬ್ರವರಿ 9, ಭಾನುವಾರ

ಈ ಡೈರಿ ಗೊಬ್ಬರದ ಕಂಪನಿಯವರು ಕೊಟ್ಟಿದ್ದು. ಅಣ್ಣನ ಜೀಪಿನಲ್ಲಿ ಬಿದ್ದಿತ್ತು. ಪ್ರತಿ ಪುಟದ ಕೆಳಗೂ ಒಂದು ಗೊಬ್ಬರದ ಮೂಟೆಯ ಚಿತ್ರ. ಜನವರಿಯ ಪುಟಗಳನ್ನು ಖಾಲಿ ಬಿಟ್ಟಿದ್ದೇನೆ. ಆ ತಿಂಗಳ ಬಗ್ಗೆ ಬರೆಯಲು ಮನಸ್ಸಿಲ್ಲ, ಆದರೆ ಬರೆಯದಿದ್ದರೆ ಮುಂದಿನದು ನನಗೇ ಅರ್ಥ ಆಗುವುದಿಲ್ಲ.

ರೋಬಸ್ಟಾ ಕಾಫಿ ಕುಯ್ಲು ನಡೆಯುತ್ತಿತ್ತು. ಮೇಲಿನ ತೋಟದ ಅತ್ತಿಮರದಲ್ಲಿ ಹೆಜ್ಜೇನು ಕಟ್ಟಿತ್ತು. ಗಿಡುಗ ಬಂದು ಗೂಡಿಗೆ ಹೊಡೆದು ಹಾರಿಹೋಯಿತು. ಜೇನು ಕೆಳಗಿದ್ದವರ ಮೇಲೆ ಇಳಿಯಿತು. ಎಲ್ಲರೂ ಗೋಣಿಚೀಲ ಹೊದ್ದು ಓಡಿದರು. ಎಲ್ಲರಿಗೂ ಕಚ್ಚಿತು, ಎಲ್ಲರೂ ಸಂಜೆಗೆ ಮನೆಗೆ ಬಂದರು. ಅಮ್ಮ ಬರಲಿಲ್ಲ. ಅವಳ ತುಟಿ ದಪ್ಪವಾಯಿತು, ನಾಲಿಗೆ ಬಾಯಿ ತುಂಬಿತು, ಉಸಿರಿಗೆ ಸೀಟಿಯ ಸದ್ದು ಬಂತು. ಜೀಪಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕಳಸದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳಿಗೆ ನನ್ನ ಗುರುತು ಹತ್ತುತ್ತಿರಲಿಲ್ಲ.

ಬದುಕಿಕೊಂಡಳು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು: "ನಿಮ್ಮ ಅಮ್ಮನ ಮೈಗೆ ಜೇನಿನ ವಿಷ ಆಗಿಬರಲ್ಲ. ಇನ್ನೊಂದು ಸಲ ಇಷ್ಟೊಂದು ಕಚ್ಚಬೇಕು ಅಂತೇನಿಲ್ಲ. ಒಂದೇ ಸಾಕಾಗಬಹುದು."

ಒಂದೇ ಸಾಕಾಗಬಹುದು. ಅಂದಿನಿಂದ ನನ್ನ ತಲೆಯಲ್ಲಿ ಬೇರೆ ಮಾತು ಇಲ್ಲ.

ಒಂದು ಚಿಕ್ಕ ಗಾಜಿನ ಶೀಶೆ, ಸಿರಿಂಜು, ಸೂಜಿ ಕೊಟ್ಟಿದ್ದಾರೆ. ಕಚ್ಚಿದ ತಕ್ಷಣ ತೊಡೆಗೆ ಚುಚ್ಚಿ, ಆಮೇಲೆ ಆಸ್ಪತ್ರೆಗೆ ಓಡಬೇಕು. ಅದನ್ನೆಲ್ಲ ನನ್ನ ಜಾಮಿಟ್ರಿ ಬಾಕ್ಸಿನಲ್ಲಿ ಹಾಕಿ, ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಿದ್ದೇನೆ. ಸ್ನಾನಕ್ಕೆ ಮಾತ್ರ ಬಿಚ್ಚುತ್ತೇನೆ. ಆ ಬಾಕ್ಸು ಇಷ್ಟು ದಿನಕ್ಕೆ ಉಪಯೋಗಕ್ಕೆ ಬಂತು.

ಅಮ್ಮನ ಸೇವೆ ಮಾಡಲು ಪವಿತ್ರಾ ಕಾಲೇಜು ಬಿಟ್ಟಳು ಪಾಪ ಎಂದು ತೋಟದ ಲೈನ್ ಮನೆಗಳವರೆಲ್ಲ ಮಾತಾಡುತ್ತಾರೆ. ಸುಳ್ಳು. ನಾನು ಬಿಟ್ಟಿದ್ದು ಅಕ್ಟೋಬರಿನಲ್ಲಿ, ಹೆಜ್ಜೇನಿಗಿಂತ ಮೊದಲು. ಒಂದೇ ಬೆಂಚಿನಲ್ಲಿ ಅಷ್ಟು ಹೊತ್ತು ಕೂರಲು ನನ್ನಿಂದ ಆಗಲಿಲ್ಲ, ಅಷ್ಟೆ. ಪಕ್ಕದ ಮನೆಯ ರುದ್ರಾಣಿ ಅತ್ತೆಗೆ ಇವತ್ತು ಹಾಗೇ ಹೇಳಿದೆ.

"ಹೊಗಳಿಸ್ಕೊಳ್ಳೋಕೂ ಬರಲ್ಲ ನಿಂಗೆ, ಮಾರಾಯ್ತಿ" ಅಂದರು.

ಅಮ್ಮ ಮಲಗಿದ್ದಾಳೆ. ಎದೆ ಏಳುವುದು ಇಳಿಯುವುದು ನೋಡಿಕೊಂಡೇ ಬರೆಯುತ್ತಿದ್ದೇನೆ.


ಫೆಬ್ರವರಿ 13, ಗುರುವಾರ

ಬೆಳಿಗ್ಗೆ ಅಮ್ಮ ಏಳುವ ಮೊದಲು ಹಿತ್ತಲಿಗೆ ಹೋಗಿ ಹೂವೆಲ್ಲ ಕಿತ್ತು ಹಾಕಿದೆ. ಡೇರೆ, ದಾಸವಾಳ, ಹೀರೆ ಹೂ, ಟೊಮೆಟೊ ಹೂ, ಬದನೆ ಹೂ. ಹೂ ಇಲ್ಲದಿದ್ದರೆ ಜೇನು ಬರುವುದಿಲ್ಲ. ಈ ವಾರವೆಲ್ಲ ಇದೇ ಕೆಲಸ. ಪ್ರತಿ ಹೂವಿಗೆ ಕೈ ಹಾಕುವಾಗಲೂ ಒಳಗೆ ಏನೋ ಕೂತಿದೆ ಎನಿಸುತ್ತದೆ. ಕಿತ್ತದ್ದನ್ನು ಗೊಬ್ಬರಗುಂಡಿಗೆ ಹಾಕಿ ಮೇಲೆ ಬೂದಿ ಸುರಿಯುತ್ತೇನೆ.

ಮಧ್ಯಾಹ್ನ ಅಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ, "ಪವಿ, ಬದನೆ ಎಂತಕ್ಕೆ ಈ ಸಲ ಹೂ ಬಿಟ್ಟಿಲ್ಲ?" ಅಂದಳು.

ರೋಗ ಬಂದಿದೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಹಾಗೆ ಹೇಳಲು ಬರುವುದಿಲ್ಲ.

"ಬಿಟ್ಟಿದೆ. ನಾನು ಕಿತ್ತೆ."

ಅವಳು ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದಳು. "ಅದು ನನ್ನ ತವರು ಸಂಸೆಯಿಂದ ಅವ್ವ ಕೊಟ್ಟ ಬೀಜ ಕಣೆ. ಇದ್ದ ಬೀಜನೆಲ್ಲ ಈ ಸಲ ಹಾಕಿಬಿಟ್ಟಿದೀನಿ. ಮೊದಲ್ನೇ ಕಾಯಿಗೆ ದಾರ ಕಟ್ಟಿ ಬೀಜಕ್ಕೆ ಬಿಡಬೇಕು. ಕಾಯೇ ಇಲ್ಲ ಅಂದ್ರೆ ಮುಂದಿನ ವರ್ಷ ಎಂತ ಹಾಕೋದು?"

"ಬೀಜ ದೊಡ್ಡದಾ, ನೀನು ದೊಡ್ಡವಳಾ?"

"ನಂಗೂ ಬದನೆ ಗಿಡಕ್ಕೂ ಜಗಳ ಹಚ್ಚಬೇಡ" ಎಂದು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕಿದ್ದು ಇದೇ ಮೊದಲು. ನನಗೆ ನಗು ಬರಲಿಲ್ಲ.

ಕೊನೆಗೆ ಬದನೆ ಹೂ ಮಾತ್ರ ಬಿಡುವುದೆಂದು ಒಪ್ಪಂದವಾಯಿತು. ಒಪ್ಪಿಕೊಂಡ ಮೇಲೆ ಉಳಿದ ಗಿಡಗಳನ್ನು ಇನ್ನೊಮ್ಮೆ ನೋಡಿ ಬಂದೆ.


ಫೆಬ್ರವರಿ 18, ಮಂಗಳವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಅಮ್ಮ ಎರಡು ದಿನದಿಂದ ಬೆಳಿಗ್ಗೆ ಸ್ವಲ್ಪ ಹೊತ್ತು ಹಿತ್ತಲಿಗೆ ಬರುತ್ತಿದ್ದಳು. ತಲೆಗೆ ಸೆರಗು, ಕಾಲಿಗೆ ಅಣ್ಣನ ಗಂಬೂಟು. ಹಿಂದೆ ನಾನು, ಸೊಂಟದಲ್ಲಿ ಬಾಕ್ಸು. ಬದನೆಯ ಬುಡಕ್ಕೆ ಮಣ್ಣು ಏರಿಸುತ್ತಾ ಅವಳು ಬೆವರಿದ್ದಳು. ಆಗ ಅವಳ ಮುಂಗೈ ಮೇಲೆ ಒಂದು ಸಣ್ಣ ಹುಳ ಬಂದು ಕೂತಿತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಹಸಿರು. ಎಲೆಯ ಹಸಿರಲ್ಲ, ಬಳೆ ಅಂಗಡಿಯ ಹಸಿರು. ಬಿಸಿಲಿಗೆ ತಿರುಗಿದಾಗ ಬೆನ್ನು ತಾಮ್ರದ ಹಾಗೆ ಹೊಳೆಯಿತು.

ನಾನು ಕಿರುಚಿದೆ. ಅಮ್ಮ ಹೆದರಲಿಲ್ಲ.

"ಬೆವರುನೊಣ ಕಣೆ. ಕುಯ್ಲಲ್ಲಿ ಮೈಮೇಲೆಲ್ಲ ಕೂರ್ತಾವೆ. ಬೆವರು ನೆಕ್ಕಿ ಹೋಗ್ತಾವೆ. ಪಾಪದ್ದು."

ಇನ್ನೊಂದು ಬದನೆ ಹೂವಿನ ಹಳದಿ ಕೇಸರವನ್ನು ಅಪ್ಪಿಕೊಂಡು ಝೀ ಎಂದು ನಡುಗುತ್ತಿತ್ತು. ನಡುಗಿದಾಗೆಲ್ಲ ಹೂವಿನಿಂದ ಪುಡಿ ಉದುರುತ್ತಿತ್ತು. ನಾನು ಬಗ್ಗಿ ನೋಡಿದೆ. ಹಿಂಗಾಲಿನ ತುಂಬ ಹಳದಿ ಪುಡಿ ಮೆತ್ತಿಕೊಂಡಿತ್ತು. ನೊಣ ಯಾಕೆ ಪುಡಿ ಹೊತ್ತುಕೊಂಡು ಹೋಗುತ್ತದೆ? ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದೆ, ಹುಡುಕಿದೆ. ಅದು ನೊಣ ಅಲ್ಲ. ಜೇನಿನ ಜಾತಿ. ಒಂಟಿಯಾಗಿ ನೆಲದಲ್ಲಿ ಬಿಲ ತೋಡಿಕೊಂಡು ಇರುತ್ತದಂತೆ. ಹೆಣ್ಣಿಗೆ ಚುಚ್ಚುವ ಮುಳ್ಳಿದೆ.

ಅಮ್ಮನಿಗೆ ಹೇಳಿದೆ.

ಅವಳು ಮುಂಗೈಯನ್ನೇ ನೋಡಿದಳು. ಅದು ಇನ್ನೂ ಅಲ್ಲೇ ಕೂತಿತ್ತು. ಮೆಲ್ಲಗೆ ಕೈ ಝಾಡಿಸಿದಳು, ಅದು ಹಾರಿತು. ಗಂಬೂಟು ಕಳಚದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟ ಅರ್ಧಕ್ಕೆ ಬಿಟ್ಟಳು.

ಜೀಪು ನಿಲ್ಲಿಸಿ ಅರುಣಣ್ಣ ಒಳಗೆ ಬಂದ ಮೇಲೆ ಬೈಸಿಕೊಂಡೆ. "ಹುಟ್ಟಿದಾಗಿಂದ ನೊಣ ಅಂತ ಮೈಮೇಲೆ ಕೂರಿಸ್ಕೊಂಡಿದ್ಲು. ಒಂದಿನ ಏನೂ ಆಗಿಲ್ಲ. ನೀನು ಹೇಳಿದ್ಮೇಲೆ ಈಗ ಅದಕ್ಕೆ ಮುಳ್ಳು ಬಂತು."

"ಮುಳ್ಳು ಮೊದಲೇ ಇತ್ತು" ಅಂದೆ.

"ನಿನ್ನ ನಾಲಿಗೆಗಿಂತ ಸಣ್ಣದು ಬಿಡು, ಮಾರಾಯ್ತಿ."

ಅವನು ಹೇಳಿದ್ದರಲ್ಲಿ ನ್ಯಾಯ ಇದೆಯೇನೋ. ಆದರೆ ಅಮ್ಮ ಅದನ್ನು ನೊಣ ಎಂದು ತಿಳಿದು ಹೊಡೆದಿದ್ದರೆ? ಸೆರಗಿನ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದರೆ? ನಾನು ಬಾಯಿ ಮುಚ್ಚಿಕೊಂಡಿದ್ದು ಅವಳಿಗೆ ಏನಾದರೂ ಆಗಿದ್ದರೆ?


ಫೆಬ್ರವರಿ 21

ಅಮ್ಮ ಹೊರಗೆ ಬರಲಿಲ್ಲ. ಹೂ ಕಿತ್ತೆ. ಬದನೆಯದೂ.


ಫೆಬ್ರವರಿ 24, ಸೋಮವಾರ

ಅಂಗಳದಲ್ಲಿ ತೂತುಗಳಿವೆ.

ಬಟ್ಟೆ ಒಣಗಿಸಲು ಹೋದಾಗ ಕಂಡವು. ಕಡ್ಡಿ ಚುಚ್ಚಿದಷ್ಟು ಸಣ್ಣ ತೂತು, ಸುತ್ತ ಪುಡಿ ಮಣ್ಣಿನ ಸಣ್ಣ ಗುಡ್ಡೆ. ಒಂದರಿಂದ ಹಸಿರು ಮುಖ ಹೊರಗೆ ಬಂದು ನನ್ನನ್ನು ನೋಡಿ ಒಳಗೆ ಹೋಯಿತು. ಇಷ್ಟು ದಿನ ನಾನು ಮೇಲೆ ನೋಡುತ್ತಿದ್ದೆ, ಮರ, ಸೂರು, ಆಕಾಶ. ಅವು ಕಾಲ ಕೆಳಗಿವೆ. ನಾವು ಮಲಗುವ ನೆಲ ಸಿಮೆಂಟಿನದು, ಆದರೆ ಮೂಲೆಯಲ್ಲಿ ಬಿರುಕಿದೆ. ಆ ಬಿರುಕಿಗೆ ಹಳೇ ಬಟ್ಟೆ ತುರುಕಿದೆ.

ರುದ್ರಾಣಿ ಅತ್ತೆಯ ಕೊಟ್ಟಿಗೆಯಿಂದ ಸಗಣಿ ತಂದು ಅಂಗಳವನ್ನೆಲ್ಲ ದಪ್ಪಗೆ ಸಾರಿಸಿದೆ. ತೂತುಗಳೆಲ್ಲ ಮುಚ್ಚಿದವು. ಅತ್ತೆ ಜಗಲಿಯಲ್ಲಿ ನಿಂತು, "ಹಬ್ಬ ಎಂತದ್ದು? ನಮ್ಮನೇದೂ ಸಾರಿಸಿ ಹೋಗು" ಅಂದರು. ಇಂಥದ್ದಕ್ಕೆ ಎಂದು ಹೇಳಿದೆ. "ಅಯ್ಯ, ಅದು ನೊಣ ಅಲ್ವಾ?" ಅಂದರು. ಅವರಿಗೂ ಅಲ್ಲ ಎಂದು ಹೇಳಿದೆ. ಅವರು ನಕ್ಕು ಒಳಗೆ ಹೋದರು. ಅವರಿಗೆ ಅದು ಇನ್ನೂ ನೊಣವೇ.


ಫೆಬ್ರವರಿ 25

ಬೆಳಿಗ್ಗೆ ನೋಡಿದರೆ ಸಗಣಿಯ ಮೇಲೆ ಮತ್ತೆ ತೂತುಗಳು. ಅದೇ ಜಾಗದಲ್ಲಿ.


ಫೆಬ್ರವರಿ 27, ಗುರುವಾರ

ತಡೆಯಲು ಆಗಲಿಲ್ಲ. ಗೊತ್ತಿಲ್ಲದ್ದನ್ನು ಮುಂದಿಟ್ಟುಕೊಂಡು ಕೂರಲು ನನಗೆ ಬರುವುದಿಲ್ಲ.

ಮಧ್ಯಾಹ್ನ ಬಿಸಿಲಿನಲ್ಲಿ ಹಿತ್ತಲಲ್ಲಿ ನಿಂತು ಬೆವರಿದೆ. ಅದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. ನಾನು ಅವುಗಳ ಹತ್ತಿರ ಹೋದರೆ ತಾನಾಗಿ ಬೆವರುತ್ತೇನೆ. ಒಂದು ಬಂದು ಮೊಣಕೈಯ ಒಳಮಡಿಕೆಯಲ್ಲಿ ಕೂತಿತು. ನೆಕ್ಕುತ್ತಿತ್ತು. ಊದಿದೆ, ಚುಚ್ಚಲಿಲ್ಲ. ಬೆರಳಿನಿಂದ ತಳ್ಳಿದೆ, ಹಾರಿ ಮತ್ತೆ ಬಂತು. ಚುಚ್ಚಲಿಲ್ಲ. ಆಮೇಲೆ ಕಣ್ಣು ಮುಚ್ಚಿ ಕೈ ಮಡಿಸಿದೆ.

ಚುಚ್ಚಿತು. ಸೂಜಿಮೆಣಸು ತಾಗಿದ ಹಾಗೆ ಚುರ್ ಎಂದಿತು. ಕೈ ಬಿಡಿಸಿ ನೋಡಿದರೆ ಅದು ಸತ್ತಿತ್ತು. ಸ್ವಲ್ಪ ಕೆಂಪಾಯಿತು, ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಉರಿ ಹೋಯಿತು.

ಅಮ್ಮನಿಗೆ ಹೇಳಿದೆ, "ಅದುಮಿದ್ರೆ ಚುಚ್ಚುತ್ತೆ. ಅದುಮದಿದ್ರೆ ನಂಗೆ ಚುಚ್ಚಲಿಲ್ಲ."

"ಮತ್ತೆ ನಂಗೆ?"

"ನಿಂಗೆ ಗೊತ್ತಿಲ್ಲ."

ಗೋಡೆ ಕಡೆ ತಿರುಗಿ ಮಲಗಿದಳು. ನಾನು ಇಷ್ಟೆಲ್ಲ ಮಾಡಿ ತಿಳಿದುಕೊಂಡದ್ದು ನನ್ನ ಕೈಯ ವಿಷಯ ಮಾತ್ರ. ಸತ್ತದ್ದನ್ನು ಕಾಗದದ ಮೇಲೆ ಇಟ್ಟು ನೋಡುತ್ತಿದ್ದೇನೆ. ಸತ್ತ ಮೇಲೂ ಹಸಿರು ಹೋಗಿಲ್ಲ.


ಮಾರ್ಚ್ 2, ಭಾನುವಾರ

ಸುಕನ್ಯಾ ಸಿಸ್ಟರ್ ಬಂದಿದ್ದರು. ಅವರು ಆರೋಗ್ಯ ಕೇಂದ್ರದ ನರ್ಸು. ಈ ಕಡೆಗೆ ಯಾವ ಕೆಲಸಕ್ಕೆ ಬಂದರೂ ಅಮ್ಮನನ್ನು ನೋಡಿಯೇ ಹೋಗುತ್ತಾರೆ. ನಾನು ಇಂಜೆಕ್ಷನ್ ಕೊಡುವುದನ್ನು ಮರೆತಿಲ್ಲ ತಾನೇ ಎಂದು ಪರೀಕ್ಷೆ ಮಾಡಿದರು.

"ಒಂದು ಬದನೆಕಾಯಿ ತಾ. ಮಾಂಸದ ಥರ ಇರುತ್ತೆ, ಅಭ್ಯಾಸಕ್ಕೆ ಒಳ್ಳೇದು."

"ಬದನೆಕಾಯಿ ಇಲ್ಲ."

"ಅಷ್ಟೊಂದು ಗಿಡ ಇದೆಯಲ್ಲ!"

"ಹೂ ಕಿತ್ತು ಹಾಕ್ತೀನಿ."

ಅವರು ಅಮ್ಮನ ಮುಖ ನೋಡಿದರು. ಅಮ್ಮ ಚಾವಣಿ ನೋಡಿದಳು. ಆಲೂಗೆಡ್ಡೆ ತಂದುಕೊಟ್ಟೆ. ಸೂಜಿ ಸೊಟ್ಟ ಹೋಯಿತು. ಇನ್ನೊಮ್ಮೆ ಮಾಡಿದೆ, ಮತ್ತೆ ಸೊಟ್ಟ.

ಹಸಿರು ಜೇನಿನ ವಿಷವೂ ಹೆಜ್ಜೇನಿನ ವಿಷವೂ ಒಂದೆಯಾ ಎಂದು ಕೇಳಿದೆ. "ನಂಗೆ ಗೊತ್ತಿಲ್ಲಮ್ಮ. ನನ್ನ ಸರ್ವಿಸಲ್ಲಿ ಹಸಿರು ನೊಣ ಕಚ್ಚಿತು ಅಂತ ಯಾರೂ ಬಂದಿಲ್ಲ. ಹಾಗಂತ ಬರಲ್ಲ ಅಂತಾನೂ ಹೇಳಲ್ಲ. ಬಾಕ್ಸ್ ಹತ್ರ ಇಟ್ಕೊ, ಉಳಿದಿದ್ದಕ್ಕೆ ಮಾಮೂಲಿ ಹಾಗೆ ಇರಿ." ಗೊತ್ತಿಲ್ಲ ಎಂದು ಹೇಳಿದ್ದಕ್ಕೆ ಅವರ ಮೇಲೆ ಗೌರವ ಬಂತು, ಭಯ ಮಾತ್ರ ಕಡಿಮೆಯಾಗಲಿಲ್ಲ.

ಅಮ್ಮನ ನಾಡಿ ಹಿಡಿದು ನೋಡಿ ಚೆನ್ನಾಗಿದೆ ಅಂದರು. ಆಮೇಲೆ ಸುಮ್ಮನೆ ನನ್ನದೂ ಹಿಡಿದರು. "ಇಲ್ಲಿ ಪೇಷೆಂಟ್ ಯಾರು, ಮುತ್ತಮ್ಮ? ನಿಮ್ಮ ಮಗಳ ನಾಡಿ ಕುದುರೆ ಓಡಿದ ಹಾಗಿದೆ." ನಾನು ಆಗಷ್ಟೇ ಕಾಫಿ ಕುಡಿದಿದ್ದೆ. ಅದಕ್ಕೇ ಇರಬೇಕು.


ಮಾರ್ಚ್ 5, ಬುಧವಾರ

ತೋಟದವರೆಲ್ಲ ಆಕಾಶ ನೋಡುತ್ತಿದ್ದಾರೆ. ಹೂಮಳೆ ಬರಬೇಕು. ಈಗ ಒಂದು ಒಳ್ಳೆ ಮಳೆ ಬಿದ್ದರೆ ವಾರ ಕಳೆಯುವಷ್ಟರಲ್ಲಿ ಕಾಫಿ ಗಿಡವೆಲ್ಲ ಒಂದೇ ಸಲ ಹೂ ಬಿಡುತ್ತದೆ. ಮಳೆ ತಪ್ಪಿದರೆ ಮುಂದಿನ ವರ್ಷದ ಫಸಲೇ ಇಲ್ಲ. ಸಾಹುಕಾರ್ರು ಸೋಮಶೇಖರಪ್ಪನವ್ರು ಛತ್ರಿ ಹಿಡಿದೇ ತೋಟ ಸುತ್ತುತ್ತಿದ್ದಾರೆ, ಅದನ್ನು ಕಂಡು ಮೋಡ ನಾಚಿಕೊಂಡಾದರೂ ಮಳೆ ಸುರಿಸಲಿ ಅಂತ. ತೋಟದ ಲೆಕ್ಕ ಬರೆಯುವ ರೈಟರ್ ಪುಟ್ಟಸ್ವಾಮಿ ಕೇಳಿದರು, "ಎಂತ ಪವಿತ್ರಾ, ಇವತ್ತು ಬರುತ್ತಾ?"

"ಬರದೇ ಇರಲಿ ಅಂತ ಬೇಡ್ಕೊಳ್ತಿದೀನಿ" ಅಂದೆ.

ಅವರು ತಮಾಷೆ ಎಂದುಕೊಂಡರು. ತಮಾಷೆ ಅಲ್ಲ. ಹೂ ಬಿಟ್ಟರೆ ಇಡೀ ಬೆಟ್ಟದ ಹೆಜ್ಜೇನು ಇಲ್ಲಿಗೆ ಬರುತ್ತದೆ. ನಮ್ಮ ಹಿತ್ತಲಿನ ಬೇಲಿ ಮುಗಿಯುವಲ್ಲೇ ಕಾಫಿ ಶುರು. ಎಲ್ಲರ ಅನ್ನ ಈ ಮಳೆಯಲ್ಲಿದೆ, ನಮ್ಮದೂ ಇದೆ. ಗೊತ್ತಿದ್ದೂ ಬೇಡಿಕೊಂಡೆ.


ಮಾರ್ಚ್ 6

ಮಳೆ ಬಂತು.

ಲೈನಿನವರೆಲ್ಲ ಜಗಲಿಗೆ ಬಂದು ನಿಂತರು. ರುದ್ರಾಣಿ ಅತ್ತೆ ಕೂಗಿ ಕೂಗಿ ನಗುತ್ತಿದ್ದರು. ಕಿಟಕಿಗೆ ನಾನು ಕಟ್ಟಿದ್ದ ಸೊಳ್ಳೆ ಬಲೆಯನ್ನು ಅಮ್ಮ ಸ್ವಲ್ಪ ಸರಿಸಿ ಕೈ ಹೊರಗೆ ಹಿಡಿದಳು. ನಾನು ಬಲೆಯನ್ನು ಮತ್ತೆ ಎಳೆದು ಕಟ್ಟಿದೆ.


ಮಾರ್ಚ್ 11, ಮಂಗಳವಾರ

ಮೊಗ್ಗುಗಳು ಉದ್ದವಾಗುತ್ತಿವೆ. ದಿನಾ ಬೇಲಿಯ ಹತ್ತಿರ ಹೋಗಿ ನೋಡುತ್ತೇನೆ, ಹಸಿರು ಹೋಗಿ ಬಿಳಿಯಾಗುತ್ತಿದೆ.

ಕಡೂರಿನ ಚಿಕ್ಕಮ್ಮನ ಮನೆಗೆ ಅಮ್ಮನನ್ನು ಬಿಟ್ಟುಬರೋಣ, ಹೂ ಉದುರಿದ ಮೇಲೆ ಕರೆದುಕೊಂಡು ಬರೋಣ ಎಂದು ಅಣ್ಣನಿಗೆ ಹೇಳಿದೆ. ಅವನು ಸರಿ ಅಂದ. ಅಮ್ಮ ಒಪ್ಪಲಿಲ್ಲ.

"ಹೂ ಬಿಡೋ ಹೊತ್ತಲ್ಲಿ ಬೆಟ್ಟ ಬಿಟ್ಟು ಹೋಗೋಳಲ್ಲ ನಾನು. ನೋಡದಿದ್ರೂ ಪರವಾಗಿಲ್ಲ, ವಾಸನೆ ಆದ್ರೂ ಬೇಕು."

"ವಾಸನೆಗೋಸ್ಕರ ಸಾಯ್ತೀಯಾ?"

"ಒಳಗೇ ಇರ್ತೀನಿ. ನೀನು ಹೇಳಿದ ಹಾಗೇ ಇರ್ತೀನಿ. ಸಮಾಧಾನನಾ?"

ಅಣ್ಣ ಹೊರಗೆ ಬಂದು ಹೇಳಿದ, "ಅವಳು ಒಳಗೆ ಕೂತಿರೋದು ಜೇನಿನ ಹೆದರಿಕೆಗಲ್ಲ, ನಿನ್ನ ಹೆದರಿಕೆಗೆ." ಅವನಿಗೆ ಏನು ಗೊತ್ತು. ಬೆಳಗಿನಿಂದ ಸಂಜೆಯವರೆಗೆ ಜೀಪು ಓಡಿಸಿಕೊಂಡು ಇರುತ್ತಾನೆ.


ಮಾರ್ಚ್ 13, ಗುರುವಾರ

ಮನೆ ಮುಚ್ಚಿದ್ದೇನೆ. ಮುಂದಿನ ಕಿಟಕಿಗೆ ಎರಡು ಪದರ ಬಲೆ, ಅದರ ಮೇಲೆ ಗೋಣಿತಾಟು. ಈ ಲೈನ್ ಮನೆಯ ಗೋಡೆಗೂ ಕಿಟಕಿಯ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದು. ಹೆಂಚಿನ ಕೆಳಗೂ ಸಂದು. ಎಲ್ಲದಕ್ಕೂ ಮಣ್ಣು ಮೆತ್ತಿದೆ. ಮಣ್ಣನ್ನು ಬಚ್ಚಲಿನ ಹಿಂದಿನ ಬರೆಯಿಂದ, ಗುಡ್ಡ ಕಡಿದ ಮಣ್ಣಿನ ಗೋಡೆಯಿಂದ, ಅಗೆದು ತಂದೆ, ಅಲ್ಲಿನದು ಒಳ್ಳೆ ಅಂಟು ಮಣ್ಣು. ಹಗಲಲ್ಲಿ ಅಲ್ಲಿ ಹಸಿರು ಜೇನು ಹಾರಾಡುತ್ತವೆ, ಅದಕ್ಕೆ ಬಿಸಿಲು ಇಳಿದ ಮೇಲೆ, ಒಂದೂ ಕಾಣದ ಹೊತ್ತು ನೋಡಿ ಹೋದೆ. ಕಲಸಿ ಮೆತ್ತಿ ಉಳಿದ ಹೆಂಟೆಗಳನ್ನು ಬುಟ್ಟಿಯಲ್ಲೇ ಬಿಟ್ಟು, ಮೇಲೆ ಒದ್ದೆ ಗೋಣಿ ಮುಚ್ಚಿ ಒಳಗೆ ಇಟ್ಟುಕೊಂಡಿದ್ದೇನೆ. ಒಣಗಿ ಬಿರುಕು ಬಿಟ್ಟರೆ ಬೇಕಾಗುತ್ತದೆ.

ನಾಳೆ ಅರಳುತ್ತದೆ ಎಂದು ಪುಟ್ಟಸ್ವಾಮಿ ಹೇಳಿದರು.


ಮಾರ್ಚ್ 15, ಶನಿವಾರ

ನಿನ್ನೆ ಬರೆಯಲು ಆಗಲಿಲ್ಲ.

ನಿನ್ನೆ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ವಾಸನೆ ಬಂತು. ಇಷ್ಟೆಲ್ಲ ಮೆತ್ತಿದರೂ ಬಂತು. ಮಲ್ಲಿಗೆಯಂಥದ್ದು, ಆದರೆ ಇನ್ನೂ ತಂಪು. ಅಮ್ಮ ಚಾಪೆಯ ಮೇಲೆ ಕೂತು ದೀರ್ಘವಾಗಿ ಉಸಿರು ಎಳೆದುಕೊಳ್ಳುತ್ತಿದ್ದಳು. ಬಿಸಿಲು ಏರಿದ ಮೇಲೆ ಸದ್ದು ಶುರುವಾಯಿತು. ಒಂದು ಕಡೆಯಿಂದ ಬರುವ ಸದ್ದಲ್ಲ. ಇಡೀ ಬೆಟ್ಟ ದೊಡ್ಡ ಹಂಡೆಯಲ್ಲಿ ಕುದಿಯುತ್ತಿದ್ದ ಹಾಗೆ. ಅಣ್ಣ ಮೂಡಿಗೆರೆಗೆ ಬಾಡಿಗೆ ಹೋಗಿದ್ದ. ಮನೆಯಲ್ಲಿ ನಾವಿಬ್ಬರೇ.

ಒಳಗೆ ಕತ್ತಲೆ, ಸೆಕೆ. ಇಬ್ಬರೂ ನೀರು ಸುರಿದಂತೆ ಬೆವರಿದ್ದೆವು. ಕಿಟಕಿಯ ಮೇಲೆ ಮೆತ್ತಿದ ಮಣ್ಣು ಒಣಗಿ ಬಿರುಕು ಬಿಟ್ಟಿತು. ದಾರದಷ್ಟು ಬೆಳಕು ಒಳಗೆ ಬಿತ್ತು. ಆ ಸದ್ದು ಆ ದಾರದಿಂದಲೇ ಒಳಗೆ ಬರುತ್ತಿದೆ ಎನಿಸಿತು. ಒಂದು ಹೆಂಟೆ ತೆಗೆದುಕೊಳ್ಳಲು ಹೋಗಿ ಬುಟ್ಟಿಯ ಗೋಣಿ ಎತ್ತಿದೆ.

ಹೆಂಟೆಗಳ ಮೇಲೆ ಅವು ನಡೆದಾಡುತ್ತಿದ್ದವು.

ಬಿಸಿಲು ಇಳಿದ ಮೇಲೆ ಜೇನು ಇರುವುದಿಲ್ಲ ಎಂದುಕೊಂಡಿದ್ದೆ. ಬಿಸಿಲು ಇಳಿದ ಮೇಲೆ ಅವು ಮನೆಗೆ ಹೋಗಿರುತ್ತವೆ. ನಾನು ಅವುಗಳ ಮನೆಯನ್ನೇ ಅಗೆದು, ಮನೆಮಂದಿಯ ಸಮೇತ, ಬುಟ್ಟಿಯಲ್ಲಿ ಹೊತ್ತುಕೊಂಡು ಬಂದು ಅಮ್ಮನ ತಲೆದಿಂಬಿನ ಹತ್ತಿರ ಇಟ್ಟಿದ್ದೆ. ಹೊರಗಿನಿಂದ ಒಂದೂ ಬರಲಿಲ್ಲ. ತಂದವಳು ನಾನು.

ಗೋಣಿ ಮತ್ತೆ ಮುಚ್ಚುವಷ್ಟರಲ್ಲಿ ಹಾರಿದವು. ಮೊದಲು ಬೆಳಕಿನ ದಾರಕ್ಕೆ ಹೋಗಿ ಬಡಿದವು. ಆಮೇಲೆ ನಮ್ಮ ಕಡೆ ಬಂದವು. ಒಂದು ಅಮ್ಮನ ಗಂಟಲಿನ ಕುಳಿಯಲ್ಲಿ, ಬೆವರು ನಿಂತಲ್ಲಿ, ಕೂತಿತು. ಇನ್ನೊಂದು ಕೆನ್ನೆಯ ಮೇಲೆ.

"ಅಮ್ಮ, ಅಲುಗಾಡಬೇಡ."

"ನಾನು ಅಲುಗಾಡ್ತಿಲ್ಲ. ನೀನು ನಡುಗ್ತಿದೀಯ."

ನನ್ನ ಕೈಯಲ್ಲಿ ಟವೆಲ್ ಇತ್ತು. ಯಾವಾಗ ಎತ್ತಿಕೊಂಡೆನೋ ಗೊತ್ತಿಲ್ಲ, ಹೊಡೆಯಲು ಮೇಲೆತ್ತಿದ್ದೆ. ಆ ಗಂಟಲು ಜೀಪಿನಲ್ಲಿ ಊದಿಕೊಂಡಿದ್ದು ಕಣ್ಣ ಮುಂದೆ ಬಂತು. ಒಂದೇ ಏಟಿಗೆ ಅದನ್ನು ಕೊಲ್ಲಬಹುದು ಎಂದುಕೊಂಡೆ.

"ಅದುಮಿದ್ರೆ ಮಾತ್ರ ಚುಚ್ಚುತ್ತೆ ಅಂತ ನೀನೇ ಹೇಳಿದ್ಯಲ್ಲ" ಅಂದಳು, ತುಟಿ ಅಲ್ಲಾಡಿಸದೆ.

"ಹೌದು."

"ನಿಜನಾ?"

"ಒಂದು ಸಲ ನೋಡಿದ್ದು ಅಷ್ಟೆ."

"ಚುಚ್ಚಿದ್ರೆ ನಾನು ಸಾಯ್ತೀನಾ?"

ಇಲ್ಲ ಅನ್ನಬೇಕಿತ್ತು. ಬೇರೆ ಯಾರ ಮಗಳಾದರೂ ಇಲ್ಲ ಅನ್ನುತ್ತಿದ್ದಳು.

"ಗೊತ್ತಿಲ್ಲ ಅಮ್ಮ."

"ಹಾಗಾದ್ರೆ ಟವೆಲ್ ಕೆಳಗಿಡು."

ಇಟ್ಟೆ. ನನ್ನ ಕೈಯನ್ನು ನಾನೇ ಇನ್ನೊಂದು ಕೈಯಿಂದ ಹಿಡಿದು ಇಳಿಸಬೇಕಾಯಿತು. ಬಾಕ್ಸು ಬಿಚ್ಚಿ ಮುಚ್ಚಳ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಅವಳ ಎದುರು ಮಂಡಿಯೂರಿ ಕೂತೆ. ಗಂಟಲಿನ ಕುಳಿಯಲ್ಲಿ ಆ ಹಸಿರು ಅವಳ ಉಸಿರಿನ ಜೊತೆ ಏಳುತ್ತಿತ್ತು, ಇಳಿಯುತ್ತಿತ್ತು.

ಆಮೇಲೆ ಅದು ಎದ್ದು ನನ್ನ ಮಣಿಕಟ್ಟಿನ ಮೇಲೆ ಬಂದು ಕೂತಿತು. ಕೆನ್ನೆಯ ಮೇಲಿದ್ದದ್ದೂ ಬಂತು. ಕಿಟಕಿಯ ಹತ್ತಿರ ಇದ್ದವೂ ಒಂದೊಂದಾಗಿ ಬಂದವು. ನನ್ನ ಕೈ ಬೆವರಿನಿಂದ ಹೊಳೆಯುತ್ತಿತ್ತು.

ಅಮ್ಮ ನೋಡಿದಳು. "ನಿನ್ನದೇ ರುಚಿಯಂತೆ ನೋಡು. ಹೆದರಿದವರ ಬೆವರಿಗೆ ಉಪ್ಪು ಜಾಸ್ತಿ ಇರ್ಬೇಕು."

ಇಂಥ ಹೊತ್ತಿನಲ್ಲೂ ಅವಳಿಗೆ ತಮಾಷೆ. ನಾನು ಅಳುತ್ತಿದ್ದೆ, ಕಣ್ಣೊರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ.

"ಈಗ ಇವಕ್ಕೆ ದಾರಿ ಎಲ್ಲಿ?" ಎಂದು ಕೇಳಿದಳು. "ಬಾಗಿಲು ನಾನು ತೆಗೀಲಾ, ನೀನು ತೆಗೀತೀಯಾ?"

ಹೊರಗೆ ಹೆಜ್ಜೇನಿನ ಸದ್ದು. ಒಳಗೆ ಇವು. ಬಾಗಿಲು ತೆಗೆಯದಿದ್ದರೆ ಇವನ್ನು ಕೊಲ್ಲಬೇಕು, ಕೊಲ್ಲಲು ಹೋದರೆ ಒಂದಾದರೂ ಅವಳ ಬಟ್ಟೆಯಲ್ಲಿ ಸಿಕ್ಕುತ್ತದೆ. ಬಾಕ್ಸನ್ನು ಅವಳ ಕೈಗೆ ಕೊಟ್ಟು, ಅವಳನ್ನು ಮೂಲೆಗೆ ಕಳಿಸಿ, ನನ್ನ ಕೈಯನ್ನು ತುಂಬಿದ ಬಟ್ಟಲಿನ ಹಾಗೆ ಮುಂದೆ ಹಿಡಿದುಕೊಂಡು ಹೋಗಿ, ಇನ್ನೊಂದು ಕೈಯಿಂದ ಚಿಲಕ ತೆಗೆದೆ.

ಬೆಟ್ಟ ಬಿಳಿ. ಬೇಲಿಯಿಂದ ಮೇಲಿನ ತೋಟದವರೆಗೆ ಎಲೆಯೇ ಕಾಣದಷ್ಟು ಬಿಳಿ. ಅದರ ತುಂಬ ಹೆಜ್ಜೇನು. ಒಂದೂ ಈ ಕಡೆ ತಿರುಗಲಿಲ್ಲ. ಅವಕ್ಕೆ ಅವುಗಳದೇ ಕೆಲಸವಿತ್ತು. ನನ್ನ ಕೈ ಮೇಲಿನವು ಬೆಳಕು ಕಂಡದ್ದೇ ಎದ್ದವು. ಹಿತ್ತಲಿನ ಮೇಲೆ ಒಂದು ಸುತ್ತು ಹಾಕಿದವು. ಅಲ್ಲಿ ನಾನು ಒಂದು ಹೂವನ್ನೂ ಉಳಿಸಿರಲಿಲ್ಲ. ಬೇಲಿ ದಾಟಿ ಕಾಫಿಗೆ ಹೋದವು.

ಹಿಂದೆ ತಿರುಗಿದರೆ ಅಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಅವಳು ಕಣ್ಣು ಮುಚ್ಚಿ ಮೂಗು ತುಂಬ ವಾಸನೆ ಎಳೆದುಕೊಂಡಳು.

"ನೋಡ್ಕೊ" ಅಂದಳು. "ದಿನಾ ನೋಡ್ತಿರ್ತೀಯಲ್ಲ. ಉಸಿರು ಬರ್ತಿದೆ ತಾನೇ?"


ಮಾರ್ಚ್ 17, ಸೋಮವಾರ

ಹೂ ಕಂದುಬಣ್ಣಕ್ಕೆ ತಿರುಗಿದೆ. ಸದ್ದು ಕಡಿಮೆಯಾಗಿದೆ. ಭಯ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೋಗಿಲ್ಲ. ಅವತ್ತು ಏನೂ ಆಗಲಿಲ್ಲ, ಅದರಿಂದ ಇನ್ನು ಮುಂದೆಯೂ ಆಗುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ.

ಉಳಿದ ಹೆಂಟೆಗಳನ್ನು ಬರೆಯ ಬುಡದಲ್ಲಿ ಒಡೆಯದ ಹಾಗೆ ಮೆಲ್ಲಗೆ ಇಟ್ಟು ಬಂದೆ. ಬೆಳಿಗ್ಗೆ ಏಳುವುದು ತಡವಾಯಿತು. ಹೂ ಕೀಳಲು ಹೊತ್ತು ಸಿಗಲಿಲ್ಲ.


ಮಾರ್ಚ್ 26

ಅಮ್ಮ ಬೇಲಿಯವರೆಗೆ ಹೋದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಹಾಲು ಉಕ್ಕಿತು ಎಂದು ಒಳಗೆ ಓಡಿದೆ.


ಏಪ್ರಿಲ್ 12, ಶನಿವಾರ

ಸುಕನ್ಯಾ ಸಿಸ್ಟರ್ ಹೊಸ ಶೀಶೆ ತಂದಿದ್ದರು. ಹಳೆಯದು ಸೆಕೆಗೆ ಕೆಟ್ಟಿರಬಹುದು, ಇದನ್ನು ಇಟ್ಟುಕೊ ಅಂದರು. ಬಾಕ್ಸು ಎಲ್ಲಿ ಎಂದು ಕೇಳಿದರು. ಸೊಂಟ ಮುಟ್ಟಿ ನೋಡಿಕೊಂಡೆ, ಇರಲಿಲ್ಲ. ಮನೆಯೆಲ್ಲ ಹುಡುಕಿದೆ. ನೋಡಿದರೆ ಹಿತ್ತಲ ಬಾಗಿಲ ಪಕ್ಕ ಮೊಳೆಗೆ ತೂಗುಹಾಕಿದೆ. ಯಾವಾಗ ಹಾಕಿದೆನೋ ನೆನಪಿಲ್ಲ. ಅಲ್ಲಿದ್ದರೆ ಅಮ್ಮನ ಕೈಗೂ ಸಿಗುತ್ತದೆ, ಅಲ್ಲೇ ಇರಲಿ ಅಂದರು ಸಿಸ್ಟರ್.

ಅಭ್ಯಾಸ ಮಾಡಲು ಹಿತ್ತಲ ಮೆಟ್ಟಿಲಲ್ಲಿ ಕೂತೆವು. ಅಮ್ಮ ಬದನೆ ಸಾಲಿನ ನಡುವೆ ಬಗ್ಗಿಕೊಂಡಿದ್ದಳು.

"ಅದೋ, ಈಗ ಕಾಯಿ ಬಿಟ್ಟಿದೆಯಲ್ಲ!" ಅಂದರು ಸಿಸ್ಟರ್. "ಆ ದೊಡ್ಡದು ಕಿತ್ಕೊಂಡು ಬಾ."

ಆ ದೊಡ್ಡದಕ್ಕೆ ಕೆಂಪು ದಾರ ಕಟ್ಟಿದೆ.

"ಅದು ಬೇಡ, ಅದು ಬೀಜಕ್ಕೆ" ಎಂದು ಹೇಳಿ ಒಳಗಿನಿಂದ ಆಲೂಗೆಡ್ಡೆ ತಂದೆ.

ಹಳೇ ಶೀಶೆಯಿಂದ ಸಿರಿಂಜು ತುಂಬಿಸಿ ಹಿಡಿದೆ. ಅಷ್ಟರಲ್ಲಿ ಮಣಿಕಟ್ಟಿನ ಮೇಲೆ ಒಂದು ಹಸಿರು ಬಂದು ಕೂತಿತು. ಅದು ಎದ್ದು ಹೋಗುವವರೆಗೆ ಕಾದು, ಆಮೇಲೆ ಸೂಜಿ ಚುಚ್ಚಿದೆ. ನೇರವಾಗಿ ಹೋಯಿತು.